ಆರು ಆಕ್ಸೊಲಾಟಲ್‌ಗಳ ಸಂತತಿ

ನನ್ನ ಗಾಜಿನ ತೊಟ್ಟಿಯಲ್ಲಿರುವ ಆಕ್ಸೊಲಾಟಲ್ ಎಂಬ ನೀರಿನ ಸಲಮಾಂಡರ್‌ನ ವಂಶ ಕೆದಕಿದಾಗಲೆಲ್ಲ ನನಗೆ ನೆನಪಾಗುವುದು 1864ರ ಪ್ಯಾರಿಸ್. ಆ ವರ್ಷ ಮೆಕ್ಸಿಕೊದಿಂದ 34 ಆಕ್ಸೊಲಾಟಲ್‌ಗಳು ಅಲ್ಲಿಗೆ ಬಂದವು. ಅವುಗಳಲ್ಲಿ ಆರು ಪ್ರಾಣಿವಿಜ್ಞಾನಿ ಒಗ್ಯುಸ್ತ್ ದ್ಯುಮೆರಿಲ್ ಕೈಸೇರಿದವು: ಐದು ಗಂಡು, ಒಂದೇ ಹೆಣ್ಣು. ಮರುವರ್ಷ ಅದು ಮೊಟ್ಟೆಯಿಟ್ಟಿತು. ದ್ಯುಮೆರಿಲ್ ಮರಿಗಳನ್ನು ಯುರೋಪಿನ ಪ್ರಯೋಗಾಲಯಗಳಿಗೆ ಧಾರಾಳವಾಗಿ ಹಂಚಿದರು. ಇಂದು ಪ್ರಯೋಗಾಲಯಗಳಲ್ಲಿರುವ ಬಹುಪಾಲು ಆಕ್ಸೊಲಾಟಲ್‌ಗಳು ಆ ಸಂತತಿಯವೇ.

ತವರಾದ ಮೆಕ್ಸಿಕೊದ ಶೊಚಿಮಿಲ್ಕೊ ಕಾಲುವೆಗಳ ತಳದಲ್ಲಿ ಹುಳು ಆಕ್ಸೊಲಾಟಲ್‌ನ ಊಟ. ತೊಟ್ಟಿಗೆ ಬಂದ ಮೇಲೆ ಹುಳುವೇ ಅದನ್ನು ಸಾಕುವವರಿಗೆ ತಲೆನೋವಾಯಿತು. ರಾತ್ರಿ ಟಾರ್ಚ್ ಬಿಟ್ಟು ನೋಡುತ್ತೇನೆ. ನೂಲಿನಂತೆ ಬೆಳ್ಳಗೆ ನುಲಿಯುತ್ತಿದ್ದರೆ ಕೊಳೆ ತಿನ್ನುವ ಹುಳು, ಅಪಾಯವಿಲ್ಲ. ತ್ರಿಕೋನದ ತಲೆ, ಎರಡು ಕಣ್ಣಿನ ಚುಕ್ಕಿ, ಗಾಜಿಗಂಟಿ ಮೆಲ್ಲಗೆ ಜಾರುವ ನಡೆ ಇದ್ದರೆ ಪ್ಲನೇರಿಯಾ ಎಂಬ ಚಪ್ಪಟೆ ಹುಳು. ಮೊಟ್ಟೆಗಳಿಗೆ ಅದು ಕಂಟಕ. ಎರಡೂ ಹೆಚ್ಚುವುದು ತಿಂದುಳಿದ ಆಹಾರದಿಂದ. ಕಳೆದುಕೊಂಡ ಕಾಲನ್ನು ಆಕ್ಸೊಲಾಟಲ್ ಮತ್ತೆ ಬೆಳೆಸಿಕೊಳ್ಳುತ್ತದೆ; ಪ್ಲನೇರಿಯಾವೋ ತುಂಡರಿಸಿದರೆ ತುಂಡುಗಳಿಂದಲೇ ಹೊಸ ಹುಳುವಾಗುತ್ತದೆ. ಹಾಗಾಗಿ ತೊಟ್ಟಿಯೊಳಗೆ ಹೊಸಕದೆ, ಕೊಳವೆಯಿಂದ ಹೀರಿ ಹೊರಚೆಲ್ಲಬೇಕು. ಆಕ್ಸೊಲಾಟಲ್ ಒಳಗಿರುವಾಗ ದಯವಿಟ್ಟು ಹುಳು ಕೊಲ್ಲುವ ಔಷಧಿ ಸುರಿಯಬೇಡಿ. ನೀರಿಗೆ ಬೆರೆತದ್ದನ್ನು ಅದರ ತೆಳು ಚರ್ಮ ಸುಲಭವಾಗಿ ಹೀರಿಕೊಳ್ಳುತ್ತದೆ.