ಚಿಕ್ಕ ಕೈಗೆ ಒಪ್ಪುವ ಗಿಟಾರ್

ಗಿಟಾರ್ ಕಲಿಯಲು ಸೇರಿ ಮೂರು ನಾಲ್ಕು ತಿಂಗಳಲ್ಲೇ ಬಿಟ್ಟವರನ್ನು ಕಾರಣ ಕೇಳಿದರೆ ಹಲವರು ತಮ್ಮ ಕೈಯನ್ನೇ ಚಾಚಿ ತೋರಿಸುತ್ತಾರೆ. ಬೆರಳು ಗಿಡ್ಡ, ಅಂಗೈ ಸಣ್ಣದು, ಆರನೆಯ ತಂತಿಯವರೆಗೆ ಬೆರಳು ಹೋಗುವುದೇ ಇಲ್ಲ ಎಂಬುದು ಅವರ ಅಳಲು. ಚಪ್ಪಲಿ ಕಚ್ಚಿದರೆ ಯಾರೂ ಕಾಲನ್ನು ಬೈಯುವುದಿಲ್ಲ. ಅಳತೆ ಸರಿಯಿಲ್ಲವೆಂದು ಬದಲಾಯಿಸಿಕೊಳ್ಳುತ್ತಾರೆ. ವಾದ್ಯದ ವಿಷಯದಲ್ಲಿ ಮಾತ್ರ ತಪ್ಪೆಲ್ಲ ಕೈಯ ಪಾಲಿಗೆ. ಪಿಟೀಲಿನಲ್ಲಿ ಅರ್ಧ, ಮುಕ್ಕಾಲು, ಪೂರ್ತಿ ಎಂಬ ಅಳತೆಗಳು ಬಹುಕಾಲದಿಂದ ಇವೆ; ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲೂ ಬೇರೆ ಬೇರೆ ಅಳತೆಗಳು ಬಂದು ಏಳು ದಶಕಗಳಾದವು. ಆದರೆ ಅವುಗಳ ಮೇಲೆ ಅಂಟಿಸಿದ ಹಣೆಪಟ್ಟಿಯ ಕಥೆ ಸ್ವಲ್ಪ ವಿಚಿತ್ರವಾದುದು.

ಗಿಟಾರಿನ ಒಡಲಿನಿಂದ ತಲೆಯವರೆಗೆ ಚಾಚಿರುವ ಉದ್ದನೆಯ ಮರದ ಭಾಗವನ್ನು ವಾದಕರು ನೆಕ್ ಎನ್ನುತ್ತಾರೆ. ಕನ್ನಡದಲ್ಲಿ ಕತ್ತು ಎಂದರೆ ಸಾಕು. ಎಡಗೈ ಹಿಡಿಯುವುದು ಇದನ್ನೇ. ವೀಣೆಯ ಮೆಟ್ಟಿಲುಗಳಂತೆ ಇದರ ಮೇಲೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳು ಕೂತಿರುತ್ತವೆ. ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಎಲೆಕ್ಟ್ರಿಕ್ ಗಿಟಾರಿನ ಕತ್ತಿನ ಮೇಲೆ ಬೀಳುವ ಎಳೆತ ಸುಮಾರು 40 ಕಿಲೋಗ್ರಾಂ. ಹಗಲೂ ರಾತ್ರಿ ಇಷ್ಟು ಭಾರ ಎಳೆಯುತ್ತಿದ್ದರೆ ಮರ ನಿಧಾನವಾಗಿ ಬಿಲ್ಲಿನಂತೆ ಬಾಗುತ್ತದೆ. ಹೀಗೆ ಬಾಗದಿರಲೆಂದು ಉಕ್ಕಿನ ತಂತಿಯ ಗಿಟಾರುಗಳ ಕತ್ತನ್ನು ಹಿಂದೆ ದಪ್ಪಗೆ ಮಾಡುತ್ತಿದ್ದರು. ಅಂದರೆ ದಪ್ಪವನ್ನು ನಿರ್ಧರಿಸುತ್ತಿದ್ದುದು ಹಿಡಿಯುವ ಕೈಯಲ್ಲ, ಮರದ ತಾಕತ್ತು.

ಈ ಗಂಟನ್ನು ಬಿಡಿಸಿದವರು ಅಮೆರಿಕದ ಗಿಬ್ಸನ್ ಕಂಪೆನಿಯ ಥಡಿಯಸ್ ಮೆಕ್‌ಹ್ಯೂ. ಕತ್ತಿನೊಳಗೆ ಉದ್ದಕ್ಕೂ ಒಂದು ಉಕ್ಕಿನ ಸಲಾಕೆ ಹುದುಗಿಸಿ, ತುದಿಯಲ್ಲಿ ತಿರುಪು ಬಿಗಿದು ಬಾಗನ್ನು ಸರಿಪಡಿಸುವ ಉಪಾಯಕ್ಕೆ ಅವರು 1921ರಲ್ಲಿ ಪೇಟೆಂಟ್ ಕೋರಿದರು. 1923ರಲ್ಲಿ ಅದು ದೊರೆಯಿತು. ಟ್ರಸ್ ರಾಡ್ ಎಂದು ಕರೆಯುವ ಈ ಸಲಾಕೆ ಇಲ್ಲದಿದ್ದರೆ ಇಂದಿನ ತೆಳು ಕತ್ತು ಸಾಧ್ಯವಾಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್‌ಗೆ ಮೊದಲು ಇದರ ಅಗತ್ಯ ಕಾಣಲಿಲ್ಲ. ಗಟ್ಟಿಯಾದ ಮೇಪಲ್ ಮರವೇ ಸಾಕೆಂದು 1950ರಲ್ಲಿ ಅವರು ಸಲಾಕೆಯಿಲ್ಲದ ಗಿಟಾರುಗಳನ್ನು ಹೊರತಂದರು. ಕತ್ತು ಬಾಗಿತು, ಅದೇ ವರ್ಷ ಸಲಾಕೆ ಒಳಸೇರಿತು. ಜಗತ್ತಿನ ಲಕ್ಷಾಂತರ ಕೈಗಳು ಇಂದಿಗೂ ಹೊಂದಿಕೊಳ್ಳಬೇಕಾದ ಅಳತೆಗಳನ್ನು ಬಳಕೆಗೆ ತಂದ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದೂ ಇಲ್ಲಿ ನೆನೆಯಬೇಕಾದ ಮಾತು.

ಕತ್ತಿನ ಮೇಲ್ಮೈಗೆ ಹಾಸುವ ಮರದ ವಿಷಯದಲ್ಲಿ ಕನ್ನಡ ನಾಡಿನ ನಂಟೂ ಇದೆ. ಮೊದಲು ಬಳಸುತ್ತಿದ್ದ ಬ್ರೆಜಿಲ್ ದೇಶದ ಬೀಟೆ 1960ರ ದಶಕದಲ್ಲಿ ದುರ್ಲಭವಾದಾಗ ಅದರ ಜಾಗಕ್ಕೆ ಬಂದದ್ದು ಭಾರತದ ಬೀಟೆ. ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಅದೇ ಜಾತಿ. ಬೆರಳಿಗೆ ನುಣುಪಾಗಿ ಹತ್ತುವ ಈ ಮರ ಇಂದಿಗೂ ಅನೇಕ ಗಿಟಾರುಗಳ ಮೇಲಿದೆ.

ಇನ್ನು ಉದ್ದದ ಮಾತು. ನುಡಿಯುವ ತಂತಿಯ ಉದ್ದವನ್ನು ಸ್ಕೇಲ್ ಎನ್ನುತ್ತಾರೆ. ಫೆಂಡರ್ ಗಿಟಾರುಗಳಲ್ಲಿ ಇದು ಸಾಮಾನ್ಯವಾಗಿ 25½ ಅಂಗುಲ, ಗಿಬ್ಸನ್‌ನಲ್ಲಿ 24¾ (ಕಾಗದದ ಮೇಲೆ, ಪಟ್ಟಿ ಹಿಡಿದು ಅಳೆದರೆ ಇನ್ನೂ ಕೂದಲೆಳೆ ಕಡಿಮೆ). ಮುಕ್ಕಾಲು ಅಂಗುಲದಲ್ಲೇನು ಮಹಾ ಎನ್ನಿಸಬಹುದು. ಆದರೆ ತಂತಿ ಗಿಡ್ಡವಾದಂತೆ ಫ್ರೆಟ್‌ಗಳ ನಡುವಿನ ಅಂತರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕಲಿಯುವವರ ಕೈ ಹೆಚ್ಚು ಹೊತ್ತು ಇರುವ ಮೊದಲ ನಾಲ್ಕು ಫ್ರೆಟ್‌ಗಳ ಒಟ್ಟು ಅಗಲ 25½ ಅಂಗುಲದ ಗಿಟಾರಿನಲ್ಲಿ ಸುಮಾರು 134 ಮಿಲಿಮೀಟರ್, 24¾ರಲ್ಲಿ 130, ಮತ್ತು 22½ರಲ್ಲಿ 118. ಕಿರುಬೆರಳು ಮುಟ್ಟುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಈ ಒಂದೂವರೆ ಸೆಂಟಿಮೀಟರಿನೊಳಗೇ ಅಡಗಿದೆ. ಇನ್ನೊಂದು ಲಾಭವೂ ಉಂಟು. ಅದೇ ತಂತಿ, ಅದೇ ಶ್ರುತಿಯಾದರೆ 25½ಕ್ಕಿಂತ 24 ಅಂಗುಲದ ಗಿಟಾರಿನಲ್ಲಿ ಬಿಗಿ ಶೇಕಡ 11ರಷ್ಟು ಕಡಿಮೆ, 22½ರಲ್ಲಿ ಶೇಕಡ 22ರಷ್ಟು. ಒತ್ತಲು ಹಗುರ. ಅತಿಯಾದರೆ ದಪ್ಪ ತಂತಿಗಳು ಸಡಿಲವಾಗಿ ಫ್ರೆಟ್‌ಗೆ ತಗಲಿ ಗುಂಯ್‌ಗುಡುತ್ತವೆ, ಅಷ್ಟೇ.

ಗಿಡ್ಡ ಕತ್ತಿನ ಗಿಟಾರ್ ಯಾರಿಗಾಗಿ ಹುಟ್ಟಿತು ಎಂದು ಹುಡುಕಿದರೆ ಎರಡು ವಿರುದ್ಧ ಉತ್ತರಗಳು ಸಿಗುತ್ತವೆ, ಅದೂ ಒಂದೇ ವರ್ಷದ ಅಂತರದಲ್ಲಿ. 1955ರಲ್ಲಿ ಗಿಬ್ಸನ್ ಕಂಪೆನಿ ಬಿಲ್ಲಿ ಬರ್ಡ್ ಮತ್ತು ಹ್ಯಾಂಕ್ ಗಾರ್ಲೆಂಡ್ ಎಂಬ ಇಬ್ಬರು ನ್ಯಾಶ್‌ವಿಲ್ ವಾದಕರ ಸಲಹೆ ಪಡೆದು, ಇಬ್ಬರ ಹೆಸರನ್ನೂ ಬೆಸೆದು, ಬರ್ಡ್‌ಲೆಂಡ್ ಎಂಬ ಗಿಟಾರ್ ತಯಾರಿಸಿತು. ಸ್ಕೇಲ್ 23½ ಅಂಗುಲ, ಕತ್ತು ಕಿರಿದು. ಬೆಲೆ ಮಾತ್ರ ದೊಡ್ಡದು. ಆ ಇಬ್ಬರೂ ಆಗಲೇ ಪಳಗಿದ ಕೈಗಳು. ಬೆರಳುಗಳನ್ನು ದೂರ ದೂರ ಚಾಚಿ ಹಿಡಿಯಬೇಕಾದ ಜಾಸ್ ಸ್ವರಗುಚ್ಛಗಳು ಸುಲಭವಾಗಲಿ, ಓಟ ಚುರುಕಾಗಲಿ ಎಂದೇ ಆ ಅಳತೆ.

ಮರುವರ್ಷ, 1956ರಲ್ಲಿ, ಫೆಂಡರ್ ಮ್ಯೂಸಿಕ್‌ಮಾಸ್ಟರ್ ಮತ್ತು ಡ್ಯುಯೊ-ಸಾನಿಕ್ ಎಂಬ 22½ ಅಂಗುಲದ ಗಿಟಾರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಇವು ಅಗ್ಗದವು. ವಿದ್ಯಾರ್ಥಿಗಳಿಗೆ, ಚಿಕ್ಕ ಕೈಯವರಿಗೆ ಒಪ್ಪುವ ಮುಕ್ಕಾಲು ಅಳತೆಯ ಗಿಟಾರ್ ಎಂದು ಪ್ರಚಾರವಾಯಿತು. ಗಿಡ್ಡ ಕತ್ತೆಂದರೆ ಕಲಿಕೆಯವರ ವಾದ್ಯ, ಕಲಿತ ಮೇಲೆ ಬಿಟ್ಟು ಮುಂದೆ ಹೋಗಬೇಕಾದದ್ದು ಎಂಬ ಭಾವನೆ ಇಲ್ಲಿಂದ ಬಲಿಯಿತು. ಬರ್ಡ್‌ಲೆಂಡಿನ ಪಾಠವನ್ನು ಎಲ್ಲರೂ ಮರೆತರು. ಡ್ಯುಯೊ-ಸಾನಿಕ್‌ನ ಹಣೆಪಟ್ಟಿ ಉಳಿಯಿತು. ಚಿಕ್ಕ ಕೈಯವರಿಗೆ ಆದ ನಿಜವಾದ ನಷ್ಟ ಇದು. ತಮಗೆ ಒಪ್ಪುವ ವಾದ್ಯ ಅಂಗಡಿಯಲ್ಲಿದ್ದರೂ, ಮಕ್ಕಳ ಸಾಮಾನೆಂಬ ಸಂಕೋಚಕ್ಕೆ ದೊಡ್ಡವರು ಅದನ್ನು ಬಿಟ್ಟು ಒಪ್ಪದ ವಾದ್ಯವನ್ನು ಕೊಂಡು ಒಯ್ದರು.

ಈ ಸಂಕೋಚಕ್ಕೆ ಬಗ್ಗದವರೂ ಇದ್ದರು. 1960ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಜಾನ್ ಲೆನನ್ ಕೊಂಡ ರಿಕೆನ್‌ಬ್ಯಾಕರ್ 325 ಗಿಟಾರಿನ ಸ್ಕೇಲ್ ಬರೀ 20¾ ಅಂಗುಲ. 1964ರ ಫೆಬ್ರುವರಿಯಲ್ಲಿ ಬೀಟಲ್ಸ್ ತಂಡ ಅಮೆರಿಕದ ಟೆಲಿವಿಷನ್‌ನಲ್ಲಿ ಮೊದಲ ಸಲ ನುಡಿಸಿದಾಗಲೂ ಅವರ ಕೊರಳಲ್ಲಿದ್ದದ್ದು ಅದೇ. ಕೋಟ್ಯಂತರ ವೀಕ್ಷಕರಲ್ಲಿ ಅದನ್ನು ಮಕ್ಕಳ ಗಿಟಾರ್ ಎಂದವರು ಯಾರೂ ಇರಲಾರರು. ಫೆಂಡರ್ ಕೂಡ 1962ರಲ್ಲಿ 24 ಅಂಗುಲದ ಜಾಗ್ವಾರ್ ಅನ್ನು ತನ್ನ ದುಬಾರಿ ಮಾದರಿಯಾಗಿಯೇ ತಂದಿತು. ಆದರೆ 1964ರಲ್ಲಿ ಬಂದ ಮಸ್ಟಾಂಗ್ ಮತ್ತೆ ವಿದ್ಯಾರ್ಥಿಗಳ ಸಾಲಿಗೆ ಸೇರಿತು. 1982ರಲ್ಲಿ ನಿಂತೂ ಹೋಯಿತು. ಹಳೆಯ ಮಸ್ಟಾಂಗ್‌ಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದವು. ದುಡ್ಡಿಲ್ಲದ ಹುಡುಗರು ಅವನ್ನು ಎತ್ತಿಕೊಂಡರು. ನಿರ್ವಾಣ ತಂಡದ ಕರ್ಟ್ ಕೊಬೇನ್ 1991ರ ಹೊತ್ತಿಗೆ ಮಸ್ಟಾಂಗ್ ಹಿಡಿದು ಜಗತ್ಪ್ರಸಿದ್ಧರಾದರು. ಆ ಮೇಲೆ ಅದಕ್ಕೆ ಸಿಕ್ಕ ಮರ್ಯಾದೆಯೇ ಬೇರೆ. ಇತ್ತ 2000ದಲ್ಲಿ ಅಮೆರಿಕದ ಡೇಸಿ ರಾಕ್ ಕಂಪೆನಿ ಹುಡುಗಿಯರಿಗೆಂದೇ ಸಣ್ಣ ಕತ್ತಿನ ಗಿಟಾರುಗಳನ್ನು ತಂದಿತು. ಕತ್ತಿನ ವಿಚಾರ ಸರಿಯೇ. ಒಡಲನ್ನು ಹೂವಿನ ಆಕಾರಕ್ಕೆ ಕೊರೆಯುವ ಅಗತ್ಯವಿತ್ತೇ ಎಂಬುದು ಬೇರೆ ಪ್ರಶ್ನೆ.

ಉದ್ದದಷ್ಟೇ ಮುಖ್ಯವಾದದ್ದು ಕತ್ತಿನ ದಪ್ಪ ಮತ್ತು ಅಗಲ. ಗಿಬ್ಸನ್‌ನ ಲೆಸ್ ಪಾಲ್ ಮಾದರಿಯಲ್ಲಿ 1958ರ ಕತ್ತು ಮುಷ್ಟಿ ತುಂಬುವಷ್ಟು ದಪ್ಪ. 1960ರ ಹೊತ್ತಿಗೆ ಅದು ಗಮನಾರ್ಹವಾಗಿ ತೆಳುವಾಯಿತು. 1961ರಲ್ಲಿ ಬಂದು ಆಮೇಲೆ ಎಸ್‌ಜಿ ಎಂದು ಹೆಸರಾದ ಗಿಟಾರಿನ ಕತ್ತೂ ತೆಳು. ಐದಡಿ ಎರಡಂಗುಲದ ಆ್ಯಂಗಸ್ ಯಂಗ್ ಕೈಯಿಂದ ಇಳಿಯದಿರುವುದು ಈ ಎಸ್‌ಜಿಯೇ. ಫೆಂಡರ್ 1960ರ ದಶಕದಲ್ಲಿ ತಂತಿಗಳು ಕತ್ತನ್ನು ಏರುವ ಜಾಗದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಗಲಗಳನ್ನು ಕೊಡುತ್ತಿತ್ತು: ಎ ಎಂದರೆ 1½ ಅಂಗುಲ, ಡಿ ಎಂದರೆ 1⅞. ಷರ್ಟಿನ ಅಳತೆ ಕೇಳುವಂತೆ ಕತ್ತಿನ ಅಳತೆ ಕೇಳಿ ಮಾಡಿಕೊಡುವ ಆ ಪದ್ಧತಿ ಮುಂದುವರಿಯಲಿಲ್ಲ. 1980ರ ದಶಕದ ಕೊನೆಗೆ ಜಪಾನಿನ ಐಬನೆಜ್ ಕಂಪೆನಿ ಸುಮಾರು 17 ಮಿಲಿಮೀಟರ್ ದಪ್ಪದ ವಿಜರ್ಡ್ ಎಂಬ ಕತ್ತನ್ನು ತಂದಾಗ ತೆಳುವಾದಷ್ಟೂ ಒಳ್ಳೆಯದೆಂಬ ನಂಬಿಕೆ ಹರಡಿತು.

ಈ ನಂಬಿಕೆಯನ್ನು ಪೂರ್ತಿ ಒಪ್ಪುವಂತಿಲ್ಲ. ಕತ್ತು ತೀರ ತೆಳುವಾದರೆ ಹೆಬ್ಬೆರಳಿನ ಬುಡಕ್ಕೆ ಆಸರೆ ತಪ್ಪುತ್ತದೆ. ಹಿಡಿತಕ್ಕಾಗಿ ಹೆಬ್ಬೆರಳು ಹಿಂಡತೊಡಗುತ್ತದೆ, ಅರ್ಧ ಗಂಟೆಯಲ್ಲಿ ಕೈ ಸೆಟೆಯುತ್ತದೆ. ಕೈ ಚಿಕ್ಕದೆಂಬ ಮಾತಿನಲ್ಲೂ ಮೂರು ಬೇರೆ ಸಂಗತಿಗಳಿವೆ. ಬೆರಳು ಗಿಡ್ಡವಾದವರಿಗೆ ಬೇಕಾದದ್ದು ಗಿಡ್ಡ ಸ್ಕೇಲ್. ಅಂಗೈ ಸಣ್ಣದಾದವರಿಗೆ ದುಂಡನೆಯ, ಮಿತವಾದ ದಪ್ಪದ ಕತ್ತು. ಬೆರಳ ತುದಿ ದಪ್ಪವಾಗಿದ್ದರೆ ಕಿರಿದಾದ ಕತ್ತು ಶತ್ರು. ಒಂದು ತಂತಿ ಒತ್ತಲು ಹೋದರೆ ಪಕ್ಕದ್ದೂ ಸತ್ತುಹೋಗುತ್ತದೆ.

ತಂತಿಯನ್ನು ಮರೆಯುವಂತಿಲ್ಲ. ಬ್ಲ್ಯಾಕ್ ಸಬಾತ್ ತಂಡದ ಟೋನಿ ಅಯೋಮಿ 1965ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕಳೆದುಕೊಂಡರು. ಎಡಗೈ ವಾದಕರಾದ ಅವರು ಫ್ರೆಟ್ ಒತ್ತುತ್ತಿದ್ದದ್ದು ಆ ಬಲಗೈಯಿಂದಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಬ್ಯಾಂಜೋ ವಾದ್ಯದ ತೆಳು ತಂತಿಗಳನ್ನು ಗಿಟಾರಿಗೆ ಕಟ್ಟಿದರು. 1971ರ ಹೊತ್ತಿಗೆ ಶ್ರುತಿಯನ್ನೂ ಇಳಿಸಿದರು. ಆ ಇಳಿದ ಶ್ರುತಿಯ ಗಡಸು ದನಿಯೇ ಹೆವಿ ಮೆಟಲ್ ಸಂಗೀತದ ಗುರುತಾಯಿತು.

ಇಂದು ಅಂಗಡಿಗೆ ಹೋಗುವವರಿಗೆ ಒಂದು ಅಗ್ಗದ ಪರೀಕ್ಷೆ ಇದೆ. ಮನೆಯಲ್ಲಿರುವ ಅಥವಾ ಗೆಳೆಯರಿಂದ ತಂದ 25½ ಅಂಗುಲದ ಗಿಟಾರಿನ ಎಲ್ಲ ತಂತಿಗಳನ್ನೂ ಎರಡು ಫ್ರೆಟ್‌ನಷ್ಟು ಕೆಳಗಿಳಿಸಿ, ಎರಡನೆಯ ಫ್ರೆಟ್ ಮೇಲೆ ಕ್ಯಾಪೊ ಎಂಬ ಚಿಮಟ ಬಿಗಿಯಬೇಕು. ಶ್ರುತಿ ಮೊದಲಿನದೇ, ಸ್ಕೇಲ್ ಮಾತ್ರ ಹೆಚ್ಚುಕಡಿಮೆ 22¾ ಅಂಗುಲ. ಅಂದರೆ ಡ್ಯುಯೊ-ಸಾನಿಕ್‌ನ ಹತ್ತಿರ. ಒಂದು ವಾರ ಹಾಗೆ ನುಡಿಸಿ ನೋಡಿ ಕೈ ಸಲೀಸಾದರೆ ಗಿಡ್ಡ ಸ್ಕೇಲ್‌ನ ಗಿಟಾರ್ ಕೇಳಬಹುದು. ಆಗಲೂ ನೋಯುತ್ತಿದ್ದರೆ ತೊಡಕು ಉದ್ದದ್ದಲ್ಲ. ಕತ್ತಿನ ದಪ್ಪದ್ದೋ, ಫ್ರೆಟ್‌ಗಿಂತ ಬಹಳ ಮೇಲೆ ನಿಂತ ತಂತಿಗಳದ್ದೋ ಇರಬೇಕು. ತಂತಿಯ ಎತ್ತರವನ್ನಂತೂ ರಿಪೇರಿಯವರು ಕೆಲವೇ ನಿಮಿಷಗಳಲ್ಲಿ ಇಳಿಸಿಕೊಡುತ್ತಾರೆ.