ಆಟಕ್ಕುಂಟು, ಲೆಕ್ಕಕ್ಕಿಲ್ಲ

1983ರ ಜುಲೈ 15ರಂದು ಜಪಾನಿನ ನಿಂಟೆಂಡೊ ಕಂಪನಿ ‘ಫ್ಯಾಮಿಕಾಮ್’ ಎಂಬ ಪುಟ್ಟ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರ ಅದು. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಭಾರತದ ಇನ್ಸಾಟ್-1ಬಿ ಉಪಗ್ರಹವನ್ನು ಬಾಹ್ಯಾಕಾಶಕ್ಕೆ ಒಯ್ದಿತು. ಅದರ ನಿಯಂತ್ರಣದ ಹೊಣೆ ಹೊತ್ತದ್ದು ಹಾಸನದಲ್ಲಿ ಆಗಷ್ಟೇ ಕೆಲಸ ಆರಂಭಿಸಿದ್ದ ಉಪಗ್ರಹ ನಿಯಂತ್ರಣ ಕೇಂದ್ರ.

ಮೇಲ್ನೋಟಕ್ಕೆ ಈ ಎರಡು ಘಟನೆಗಳಿಗೆ ಸಂಬಂಧವಿಲ್ಲ. ಆದರೆ ಟಿ.ವಿ. ಇಲ್ಲದ ಮನೆಯಲ್ಲಿ ವಿಡಿಯೊ ಗೇಮಿಗೆ ಕೆಲಸವಿಲ್ಲ. ಇನ್ಸಾಟ್-1ಬಿಯ ನೆರವಿನಿಂದ ದೂರದರ್ಶನ ಸಣ್ಣ ಊರುಗಳನ್ನು ತಲುಪಿತು. ಊರಿಗೊಂದೆರಡಿದ್ದ ಟಿ.ವಿ.ಗಳು ಬೀದಿಗೆ ಹಲವಾದವು. ವಿಡಿಯೊ ಗೇಮ್ ಬಂದು ಕೂರಲು ಜಾಗ ಸಿದ್ಧವಾದದ್ದು ಹೀಗೆ. ಆದರೆ ಬಂದು ಕೂತ ಯಂತ್ರ ಯಾವುದು ಎಂದು ಕೇಳಿದರೆ ಉತ್ತರ ಯಾವ ಕಂಪನಿಯ ಲೆಕ್ಕದಲ್ಲಿಯೂ ಸಿಗುವುದಿಲ್ಲ.

ಕಂಪನಿಗಳ ಲೆಕ್ಕವೇನೋ ಅಚ್ಚುಕಟ್ಟಾಗಿದೆ. ಫ್ಯಾಮಿಕಾಮ್ ಮತ್ತು ವಿದೇಶಗಳಲ್ಲಿ ಮಾರಾಟವಾದ ಅದರ ರೂಪಾಂತರವಾದ ‘ನೆಸ್’ ಸೇರಿ 6.19 ಕೋಟಿ ಯಂತ್ರಗಳು ಹೋದವು. ನಂತರದ ಸುತ್ತಿನಲ್ಲಿ ನಿಂಟೆಂಡೊದ ‘ಸೂಪರ್ ನೆಸ್’ 4.91 ಕೋಟಿ ಮುಟ್ಟಿದರೆ, ಎದುರಾಳಿ ಸೇಗಾದ ‘ಮೆಗಾ ಡ್ರೈವ್’ ಸುಮಾರು 3 ಕೋಟಿಯಲ್ಲಿ ನಿಂತಿತು. ಈ ಅಂಕಿಗಳು ಸಾಮಾನ್ಯವಾಗಿ ಕಾರ್ಖಾನೆಯಿಂದ ವ್ಯಾಪಾರಿಗಳಿಗೆ ರವಾನೆಯಾದ ಯಂತ್ರಗಳ ಸಂಖ್ಯೆ. ಗಿರಾಕಿಯ ಕೈಸೇರಿದ್ದೆಷ್ಟು, ಅಂಗಡಿಯಲ್ಲಿ ಉಳಿದದ್ದೆಷ್ಟು ಎಂಬುದು ಬೇರೆ ಮಾತು.

ಈ ಪೈಪೋಟಿಯಲ್ಲಿ ಬೆಲೆಯ ಪಾತ್ರ ಎಂಥದ್ದು ಎಂಬುದಕ್ಕೆ 1995ರ ಮೇ ತಿಂಗಳ ಪ್ರಸಂಗವೊಂದು ಸಾಕು. ಅಮೆರಿಕದ ವಸ್ತುಪ್ರದರ್ಶನವೊಂದರಲ್ಲಿ ಸೇಗಾ ತನ್ನ ಹೊಸ ಯಂತ್ರ ‘ಸ್ಯಾಟರ್ನ್’ಗೆ 399 ಡಾಲರ್ ಎಂದು ಸಾರಿತು. ಅದೇ ದಿನ ಸೋನಿ ತನ್ನ ‘ಪ್ಲೇಸ್ಟೇಷನ್’ಗೆ 299 ಡಾಲರ್ ಎಂದಿತು. ಹೆಚ್ಚಿನ ಆಟಗಳೂ ಸೋನಿಯ ಕಡೆಗೇ ವಾಲಿದವು. ಕೊನೆಗೆ ಪ್ಲೇಸ್ಟೇಷನ್ 10.24 ಕೋಟಿ ದಾಟಿತು, ಸ್ಯಾಟರ್ನ್ 92.6 ಲಕ್ಷದಲ್ಲೇ ಉಳಿಯಿತು. 2001ರಲ್ಲಿ ಸೇಗಾ ಯಂತ್ರ ತಯಾರಿಕೆಯನ್ನೇ ಕೈಬಿಟ್ಟಿತು.

ಅಮೆರಿಕದಲ್ಲಿ 100 ಡಾಲರ್ ವ್ಯತ್ಯಾಸವೇ ಇಷ್ಟು ಮಾಡಿದರೆ, ಭಾರತದಲ್ಲಿ ಸುಂಕದ ಗೋಡೆ ಇನ್ನೂ ದೊಡ್ಡದನ್ನು ಮಾಡಿತು. 1995ರಲ್ಲಿ ಸೇಗಾ ಇಲ್ಲಿಗೆ ಬಂದದ್ದು ಷಾ ವಾಲೇಸ್ ಕಂಪನಿಯ ಮೂಲಕ. ಶೇ 80ರಷ್ಟಿದ್ದ ಆಮದು ಸುಂಕವನ್ನು ತಪ್ಪಿಸಿಕೊಳ್ಳುವುದು ಈ ಒಪ್ಪಂದದ ಉದ್ದೇಶವಾಗಿತ್ತು. ಆದರೂ ಯಂತ್ರದ ಬೆಲೆ 18,000 ರೂಪಾಯಿ! ದೇಶದ ಸರಾಸರಿ ಪ್ರಜೆಯ ಒಂದು ವರ್ಷದ ಆದಾಯಕ್ಕಿಂತ ಅದು ಹೆಚ್ಚು. ನಿಂಟೆಂಡೊ ಯಂತ್ರ ‘ಸಮುರಾಯ್’ ಹೆಸರಿನಲ್ಲಿ ಅಧಿಕೃತವಾಗಿಯೇ ಬಂದಿತ್ತು. ಅದೂ ದೊಡ್ಡ ಊರುಗಳ ಅನುಕೂಲಸ್ಥರನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ. ಹಾಸನ ತಾಲ್ಲೂಕಿನ ಕಟ್ಟಾಯದಂಥ ಹೋಬಳಿ ಊರಿನ ರೈತ ಕುಟುಂಬಕ್ಕೆ ಈ ಪೈಪೋಟಿಯ ಸುದ್ದಿಯೇ ತಲುಪುವಂತಿರಲಿಲ್ಲ.

ಹಾಗೆಂದು ಮಕ್ಕಳು ಆಡದೆ ಉಳಿಯಲಿಲ್ಲ. ‘ಮೀಡಿಯಾ’, ‘ಲಿಟಲ್ ಮಾಸ್ಟರ್’, ‘ಟರ್ಮಿನೇಟರ್’ ಮುಂತಾದ ಹೆಸರಿನ ಅಗ್ಗದ ಯಂತ್ರಗಳು ಬೆಂಗಳೂರಿನ ನ್ಯಾಷನಲ್ ಮಾರ್ಕೆಟಿನಂಥ ಕಡೆಗಳಲ್ಲಿಯೂ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲಿಯೂ ಮಾರಾಟವಾದವು. ಹೆಸರು ಯಾವುದಾದರೂ ಒಳಗಿದ್ದುದು ಬಹುಮಟ್ಟಿಗೆ ಅದೇ 1983ರ ಫ್ಯಾಮಿಕಾಮ್ ವಿನ್ಯಾಸ. ನಿಂಟೆಂಡೊ ತನ್ನ ಅಮೆರಿಕದ ಯಂತ್ರದಲ್ಲಿ ನಕಲಿ ಕ್ಯಾಸೆಟ್ಟನ್ನು ತಡೆಯುವ ‘ಬೀಗದ’ ಚಿಪ್ ಇಟ್ಟಿತ್ತು. ಜಪಾನಿನ ಮೂಲ ಯಂತ್ರದಲ್ಲಿ ಆ ಬೀಗವಿರಲಿಲ್ಲ. ತೈವಾನ್ ಮತ್ತು ಚೀನಾದ ತಯಾರಕರು ಅದನ್ನೇ ನಕಲು ಮಾಡಿದರು. ಕ್ರಮೇಣ ಹಲವು ಚಿಪ್‌ಗಳ ಕೆಲಸವನ್ನು ಒಂದೇ ಚಿಪ್‌ಗೆ ಅಡಕಗೊಳಿಸಿದ್ದರಿಂದ ಬೆಲೆ ಮತ್ತಷ್ಟು ಇಳಿಯಿತು.

ಟಿ.ವಿ.ಯ ಆಂಟೆನಾ ತೂತಿಗೆ ವೈರು ಸಿಕ್ಕಿಸಿ, ಚಾನೆಲ್ ತಿರುಗಿಸಿ ಚಿತ್ರ ಹಿಡಿದರೆ ಆಟ ಶುರು. ‘ಮಾರಿಯೊ’, ‘ಕಾಂಟ್ರಾ’, ಬಂದೂಕು ಹಿಡಿದು ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಮನೆಮಾತಾದವು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದವು ಬೆರಳೆಣಿಕೆಯ ಆಟಗಳು. ಅವನ್ನೇ ಬೇರೆ ಬೇರೆ ಹಂತಗಳಿಂದ ಆರಂಭಿಸಿ ಪಟ್ಟಿಯನ್ನು ಉದ್ದ ಮಾಡಲಾಗುತ್ತಿತ್ತು.

ಇದು ಭಾರತಕ್ಕೆ ಮಾತ್ರ ಸೀಮಿತವಾದ ಕಥೆಯಲ್ಲ. ರಷ್ಯಾದಲ್ಲಿ 1992ರ ಕೊನೆಗೆ ಬಂದ ‘ಡೆಂಡಿ’ ಇದೇ ವಂಶದ ಯಂತ್ರ. ಅಲ್ಲಿ ವಿಡಿಯೊ ಗೇಮಿಗೆ ಡೆಂಡಿ ಎಂಬುದೇ ಹೆಸರಾಯಿತು. ಬ್ರೆಜಿಲ್ ಇನ್ನೊಂದು ದಾರಿ ಹಿಡಿಯಿತು. ಅಲ್ಲೂ ಆಮದಿಗೆ ಅಡೆತಡೆ ಇತ್ತು. ಆದರೆ ಟೆಕ್‌ಟಾಯ್ ಎಂಬ ಸ್ಥಳೀಯ ಕಂಪನಿ ಸೇಗಾದ ಅನುಮತಿಯಿಂದ ಅಲ್ಲಿಯೇ ಯಂತ್ರ ತಯಾರಿಸಿತು, ಆಟಗಳನ್ನು ಪೋರ್ಚುಗೀಸ್ ಭಾಷೆಗೆ ತಂದಿತು. ಬೇರೆಡೆ ಸೋತ ಸೇಗಾ ಬ್ರೆಜಿಲ್‌ನಲ್ಲಿ ಗೆದ್ದಿತು.

ಲೆಕ್ಕದ ಬೆಲೆ ತಿಳಿಯುವುದು ಇಲ್ಲಿಯೇ. ಮಾರಾಟದ ಅಂಕಿ ಬರೀ ಹೆಮ್ಮೆಯ ವಿಷಯವಲ್ಲ. ಯಾವ ದೇಶಕ್ಕೆ ದುರಸ್ತಿ ಕೇಂದ್ರ ಬೇಕು, ಯಾವ ಭಾಷೆಗೆ ಆಟ ಬೇಕು ಎಂದು ಕಂಪನಿಗಳು ತೀರ್ಮಾನಿಸುವುದು ಅದನ್ನು ನೋಡಿಯೇ. ನಕಲಿ ಯಂತ್ರದಿಂದ ಆಟ ರಚಿಸಿದವರಿಗೆ ಬಿಡಿಗಾಸೂ ಸಲ್ಲಲಿಲ್ಲ; ಆಡಿದ ಲಕ್ಷಾಂತರ ಮಕ್ಕಳು ಗಿರಾಕಿಗಳೆಂದು ಎಣಿಕೆಗೆ ಬರಲಿಲ್ಲ. ಸಂಪೂರ್ಣವಾಗಿ ಭಾರತದಲ್ಲಿಯೇ ತಯಾರಾದ ಮೊದಲ ಪ್ಲೇಸ್ಟೇಷನ್ ಆಟವಾಗಿ ಹನುಮಂತನ ಬಾಲ್ಯದ ಕಥೆ ಹೈದರಾಬಾದಿನಿಂದ ಬಂದದ್ದು 2009ರಲ್ಲಿ, ಫ್ಯಾಮಿಕಾಮ್ ಹುಟ್ಟಿ 26 ವರ್ಷಗಳಾದ ಮೇಲೆ. ಅಷ್ಟರಲ್ಲಿ ಆಟಗಳು ಮೊಬೈಲ್ ಫೋನಿಗೆ ಜಾರತೊಡಗಿದ್ದವು.

ಇಂದು ಮಾರಾಟದ ಪಟ್ಟಿಯ ತುದಿಯಲ್ಲಿರುವುದು 16 ಕೋಟಿ ದಾಟಿದ ಪ್ಲೇಸ್ಟೇಷನ್-2. ಹಳೆಯ ನಕಲಿ ಯಂತ್ರಗಳು ಅಟ್ಟ ಸೇರಿವೆ. ಅವುಗಳ ಬಂದೂಕಂತೂ ಈಗಿನ ಚಪ್ಪಟೆ ಟಿ.ವಿ.ಯ ಮುಂದೆ ಕೆಲಸ ಮಾಡದು. ಅದು ಗುರಿ ಹಿಡಿಯಬೇಕಾದರೆ ಹಳೆಯ ದಪ್ಪ ಪಿಕ್ಚರ್ ಟ್ಯೂಬಿನ ಟಿ.ವಿ.ಯೇ ಬೇಕು. ಹಳ್ಳಿಯ ಆಟದಲ್ಲಿ ಚಿಕ್ಕ ಮಕ್ಕಳನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವುದುಂಟು. ನಿಂಟೆಂಡೊ-ಸೇಗಾ ಕಾಳಗದಲ್ಲಿ ನಮ್ಮ ಊರುಗಳ ಸ್ಥಾನವೂ ಅದೇ ಆಗಿತ್ತು.