ಅರಸರ ಗುಡ್ಡ, ಜನರ ತೋಟ

ಕಾರ್ತಿಕ ಮಾಸ ಬಂತೆಂದರೆ ನಮ್ಮ ಊರುಗಳಲ್ಲಿ ವನಭೋಜನದ ಮಾತು ಏಳುತ್ತದೆ. ನೆಲ್ಲಿಯ ಮರದ ಅಡಿಯಲ್ಲಿ ಎಲೆ ಹಾಕಿ ಉಣ್ಣುವ ಆ ಪದ್ಧತಿಯನ್ನು ಪರಸ್ಥಳಕ್ಕೆ ಬಂದೆವೆಂದು ಬಿಡಬೇಕೇ? ಕಳೆದ ವರ್ಷ ಕೊಚ್ಚಿಯ ನಾವು ಏಳೆಂಟು ಕನ್ನಡ ಕುಟುಂಬದವರು ಬುತ್ತಿ ಕಟ್ಟಿಕೊಂಡು, ಒಂದು ಭಾನುವಾರ ತೃಪ್ಪೂಣಿತುರದ ಹಿಲ್ ಪ್ಯಾಲೇಸಿಗೆ, ಅಂದರೆ ಗುಡ್ಡದ ಅರಮನೆಗೆ, ಹೊರಟೆವು. ಎರ್ನಾಕುಲದಿಂದ ಅದು ಸುಮಾರು ಹತ್ತು ಕಿಲೋಮೀಟರು. 2024ರಿಂದ ಮೆಟ್ರೋ ರೈಲೂ ತೃಪ್ಪೂಣಿತುರದವರೆಗೆ ಓಡುತ್ತಿರುವುದರಿಂದ ಪ್ರಯಾಣದ ತೊಂದರೆಯಿಲ್ಲ.

ಈ ನಾಡಿನ ಶರತ್ಕಾಲದ ರೀತಿಯೇ ಬೇರೆ. ಎಲೆ ಉದುರಿ ಬರಿದಾದ ಮರವನ್ನು ಇಲ್ಲಿ ಹುಡುಕಿದರೂ ಕಾಣುವುದು ಅಪರೂಪ. ಮಲೆಯಾಳದ ತುಲಾಮಾಸದಲ್ಲಿ ಮೊದಲಾಗುವ ಮಳೆಗೆ ಇವರು ತುಲಾವರ್ಷವೆನ್ನುತ್ತಾರೆ. ಬೆಳಿಗ್ಗೆ ಹೊಳೆಯುವ ಬಿಸಿಲು. ಮಧ್ಯಾಹ್ನ ಕಳೆಯುತ್ತಲೇ ಗುಡುಗು, ಮಿಂಚು, ಮಳೆ. ತೊಳೆದಿಟ್ಟಂತಿದ್ದ ಆ ಹಸುರಿನ ನಡುವೆ ಮೆಟ್ಟಿಲೇರುತ್ತಿದ್ದಾಗ ನನ್ನ ಮೊಮ್ಮಗಳು ಕೇಳಿದಳು: “ಅಜ್ಜ, ಇಷ್ಟು ದೊಡ್ಡ ತೋಟ ಯಾರದು?”

ಮಗುವಿನ ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಇತಿಹಾಸವನ್ನೇ ತಿರುವಬೇಕಾಯಿತು.

ಈ ಅರಮನೆಯನ್ನು ಕೊಚ್ಚಿಯ ಅರಸರು 1865ರಲ್ಲಿ ಕಟ್ಟಿಸಿದರು. ಸುಮಾರು 54 ಎಕರೆ ನೆಲ, ಅದರಲ್ಲಿ 49 ಕಟ್ಟಡಗಳು. ರಾಜ್ಯಾಧಿಕಾರ ಹೋದ ತರುವಾಯ ಇದು ಸರಕಾರದ ವಶಕ್ಕೆ ಬಂದು, 1986ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಂದು ಟಿಕೆಟು ಕೊಂಡ ಯಾರೂ ಒಳಗೆ ಬರಬಹುದು. ಜಿಂಕೆಗಳಿವೆ, ಔಷಧಿ ಗಿಡಗಳ ತೋಟವಿದೆ, ಮಕ್ಕಳು ಓಡಿಯಾಡಲು ಬೇಕಾದಷ್ಟು ಜಾಗವಿದೆ. ನಮ್ಮ ಹುಡುಗರಿಗೆ ಮಾತ್ರ ಬೇರೊಂದು ಕುತೂಹಲ. ಕನ್ನಡದ ‘ಆಪ್ತಮಿತ್ರ’ಕ್ಕೆ ಮೂಲವಾದ ಮಲೆಯಾಳದ ‘ಮಣಿಚಿತ್ರತ್ತಾಳ್’ ಚಿತ್ರದ ಕೆಲವು ಭಾಗಗಳನ್ನು 1993ರಲ್ಲಿ ಇಲ್ಲಿ ತೆಗೆದರಂತೆ! ನಾಗವಲ್ಲಿಯ ಕೋಣೆ ಯಾವುದೆಂದು ಅವರು ಹುಡುಕಿದ್ದೇ ಹುಡುಕಿದ್ದು.

ನನ್ನ ಕಣ್ಣು ನಿಂತದ್ದು ರತ್ನಖಚಿತವಾದ ಕಿರೀಟದ ಮೇಲೆ. ಅದು ಪೋರ್ಚುಗೀಸರು ಕಾಣಿಕೆಯಾಗಿ ಕೊಟ್ಟದ್ದೆಂದು ಪ್ರತೀತಿ. ಕೊಚ್ಚಿಯ ಅರಸರು ಕಿರೀಟವನ್ನು ತಲೆಗೆ ಧರಿಸದೆ, ಪಟ್ಟಾಭಿಷೇಕದ ವೇಳೆಯಲ್ಲಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರೆಂದೂ ಹೇಳುತ್ತಾರೆ. ಕಳೆದುಕೊಂಡ ಪೂರ್ವಿಕರ ನೆಲ ಮರಳಿ ಬರುವ ತನಕ ತಲೆಗೇರಿಸುವುದಿಲ್ಲವೆಂಬ ವ್ರತವಂತೆ.

ಆದರೆ ಅರಸರ ಈ ವಿನಯವನ್ನು ಕಂಡು, ಅವರ ಕಾಲದಲ್ಲಿ ಎಲ್ಲರಿಗೂ ಎಲ್ಲ ಬಾಗಿಲುಗಳೂ ತೆರೆದಿದ್ದುವೆಂದು ಭಾವಿಸಬಾರದು. 1913ರ ಮಾತು. ಇದೇ ಕೊಚ್ಚಿಯಲ್ಲಿ ಪುಲಯ ಜನರು ತಮ್ಮದೊಂದು ಸಭೆ ಸೇರಬೇಕೆಂದರು. ಸೇರಲು ನೆಲವೆಲ್ಲಿ? ಊರಿನ ಬಯಲು ಅವರದಲ್ಲ, ಬೀದಿ ಅವರದಲ್ಲ. ಕಡೆಗೆ ಅವರು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಕಾಯಲು ಎನ್ನುವ ಹಿನ್ನೀರಿನ ಮೇಲೆಯೇ ಸಭೆ ನಡೆಸಿದರು. ನೀರಿಗೆ ಜಾತಿಯ ಬೇಲಿ ಹಾಕಿರಲಿಲ್ಲವಷ್ಟೆ. ‘ಕಾಯಲ್ ಸಮ್ಮೇಳನ’ವೆಂದು ಅದು ಚರಿತ್ರೆಯಲ್ಲಿ ಉಳಿದಿದೆ. ಪಂಡಿತ ಕೆ. ಪಿ. ಕರುಪ್ಪನ್ ಅವರು ಅದರ ಪ್ರೇರಕ ಶಕ್ತಿಯಾಗಿದ್ದರು.

ತಿರುವನಂತಪುರದ ಕಥೆಯೂ ವಿಚಾರಾರ್ಹವಾದದ್ದು. ಅಲ್ಲಿ ವಸ್ತುಸಂಗ್ರಹಾಲಯ 1857ರಲ್ಲಿಯೂ, ಮೃಗಾಲಯ ಮತ್ತು ಉದ್ಯಾನ 1859ರಲ್ಲಿಯೂ ಸಾರ್ವಜನಿಕರಿಗೆ ತೆರೆದುವು. ನಮ್ಮ ಬೆಂಗಳೂರಿನಲ್ಲಿ ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗು ಸರಕಾರದ ಸಸ್ಯೋದ್ಯಾನವಾದದ್ದು 1856ರಲ್ಲಿ; ಎರಡೂ ಹೆಚ್ಚು ಕಡಿಮೆ ಒಂದೇ ಕಾಲದವು. ಆದರೆ ತಿರುವಾಂಕೂರಿನಲ್ಲಿ ಆ ಉದ್ಯಾನ ತೆರೆದು 65 ವರ್ಷಗಳಾದ ಮೇಲೂ, ದೇವಾಲಯದ ಸುತ್ತಣ ಬೀದಿಯಲ್ಲಿ ನಡೆದಾಡುವ ಹಕ್ಕಿಗಾಗಿ 1924ರಲ್ಲಿ ವೈಕಂ ಸತ್ಯಾಗ್ರಹ ಹೂಡಬೇಕಾಯಿತು. ‘ಸಾರ್ವಜನಿಕ’ವೆಂಬ ಹಲಗೆ ತೂಗಿಹಾಕುವುದು ಸುಲಭ, ಸರ್ವಜನರನ್ನೂ ಒಳಗೆ ಕರೆದುಕೊಳ್ಳುವುದು ಕಷ್ಟ.

ಅರಸೊತ್ತಿಗೆಯ ಕೊನೆಯ ದಿನಗಳನ್ನು ಇಲ್ಲಿ ಸ್ಮರಿಸುವುದು ಉಚಿತ. 1946ರಿಂದ 1948ರವರೆಗೆ ಕೊಚ್ಚಿಯನ್ನಾಳಿದ ಕೇರಳವರ್ಮರು, ಮಲೆಯಾಳ ಮಾತನಾಡುವ ನಾಡೆಲ್ಲ ಒಂದಾಗಬೇಕೆಂದು ಬಹಿರಂಗವಾಗಿ ಸಾರಿದರು. 1947ರಲ್ಲಿ ತ್ರಿಶೂರಿನಲ್ಲಿ ಕೂಡಿದ ಐಕ್ಯಕೇರಳ ಸಮ್ಮೇಳನಕ್ಕೆ ತಾವೇ ಬಂದರು. ನಾಡು ಒಂದಾದರೆ ತಮ್ಮ ಸಿಂಹಾಸನ ಉಳಿಯದೆಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಾರದು. ಜನ ಅವರನ್ನು ‘ಐಕ್ಯಕೇರಳ ತಂಬುರಾನ್’ ಎಂದು ಕರೆದರು. 1949ರ ಜುಲೈ 1ರಂದು ತಿರುವಾಂಕೂರು, ಕೊಚ್ಚಿ ಎರಡೂ ಸೇರಿ ಒಂದಾದುವು. ನಮ್ಮ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರೂ ಏಕೀಕರಣವನ್ನು ಬೆಂಬಲಿಸಿ, 1956ರಲ್ಲಿ ವಿಶಾಲ ಮೈಸೂರಿನ ಪ್ರಥಮ ರಾಜ್ಯಪಾಲರಾದುದನ್ನು ವಾಚಕರು ಬಲ್ಲರು. ಆ ವರ್ಷದ ನವೆಂಬರ್ 1 ನಮಗೆ ರಾಜ್ಯೋತ್ಸವವಾದರೆ, ಇವರಿಗೆ ಕೇರಳಪ್ಪಿರವಿ. ಒಂದೇ ಮುಂಜಾವು, ಎರಡು ತೊಟ್ಟಿಲು!

ಅಂದೇ ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಮಂಜೇಶ್ವರದ ಗೋವಿಂದ ಪೈಗಳ, ಕಯ್ಯಾರ ಕಿಞ್ಞಣ್ಣ ರೈಗಳ ಊರಿನವರಿಗೆ ಅದು ನೋವಿನ ದಿನವೂ ಹೌದು. ನಮ್ಮ ತಂಡದಲ್ಲಿದ್ದ ಕುಂಬಳೆಯ ಕಡೆಯ ಹಿರಿಯರೊಬ್ಬರು ಊಟದ ವೇಳೆಯಲ್ಲಿ ಮೆಲ್ಲನೆ ಹೇಳಿದರು: “ನಿಮಗೆಲ್ಲ ಕೇರಳ ಪರಸ್ಥಳ. ನಾನು ಮಾತ್ರ ಮನೆಯಲ್ಲಿಯೇ ಇದ್ದು ಪರಸ್ಥಳಕ್ಕೆ ಬಂದವನು. ಗಡಿಯನ್ನು ನನ್ನಿಂದ ತಿದ್ದಲಾಗಲಿಲ್ಲ. ಮಕ್ಕಳಿಗೆ ಕನ್ನಡ ಕಲಿಸುವುದನ್ನು ಬಿಡಲಿಲ್ಲ.” ಯಾರೂ ಮಾತಾಡಲಿಲ್ಲ. ಅವರ ಎಲೆಗೆ ಯಾರೋ ಇನ್ನೊಂದಿಷ್ಟು ಮೊಸರನ್ನ ಬಡಿಸಿದರು.

ಮೂರು ಗಂಟೆಗೆ ತುಲಾವರ್ಷ ಹೇಳಿ ಕಳುಹಿಸಿದಂತೆ ಬಂತು. ಎಲ್ಲರೂ ಓಡಿ ಸೂರಿನಡಿ ನಿಂತೆವು. ಮಲೆಯಾಳಿ ಕುಟುಂಬಗಳು, ಬಂಗಾಳದ ಕಡೆಯಿಂದ ದುಡಿಯಲು ಬಂದ ತರುಣರು, ಶಾಲೆಯ ಮಕ್ಕಳು, ನಾವು. ಯಾರ ಜಾತಿ ಯಾವುದೆಂದು ಕೇಳುವವರಿಲ್ಲ. ನಿಲ್ಲಲು ಜಾಗ ಸಾಲದಿದ್ದಾಗ ಒಬ್ಬರಿಗೊಬ್ಬರು ಸರಿದು ಕೊಟ್ಟರು. ಒಂದು ಕಾಲದಲ್ಲಿ ಸಭೆ ಸೇರಲು ನೆಲವಿಲ್ಲದೆ ನೀರಿನ ಮೇಲೆ ಕುಳಿತವರ ಮರಿಮಕ್ಕಳೂ ಆ ಗುಂಪಿನಲ್ಲಿದ್ದಿರಬಹುದು.

ರಾಜ್ಯವೆಂದರೆ ನಕಾಶೆಯ ಗೆರೆಯಷ್ಟೇ ಅಲ್ಲ. ಅರಸರ ಗುಡ್ಡ ಜನರ ತೋಟವಾಗುವುದೂ ರಾಜ್ಯವೇ. ಅರಸರದಾಗಿದ್ದಾಗ ಕಾಯಲು ಕಾವಲುಗಾರರಿದ್ದರು. ಈಗ ಕಾಯಬೇಕಾದವರು ನಾವು. ನಾಡು ಯಾವುದಾದರೇನು, ನುಡಿ ಯಾವುದಾದರೇನು, ನೆರಳು ಪಡೆದವನ ಮೇಲೆ ಮರದ ಋಣವಿದೆ.

ಮಳೆ ನಿಂತ ಮೇಲೆ ನಾವು ಕುಳಿತಿದ್ದೆಡೆಗೆ ಮರಳಿ, ಬಿಟ್ಟುಹೋಗಿದ್ದ ಎಲೆ ಕಾಗದಗಳನ್ನೆಲ್ಲ ಆಯ್ದು ಚೀಲಕ್ಕೆ ತುಂಬಿದೆವು. ಮೊಮ್ಮಗಳೂ ಕೈಜೋಡಿಸಿದಳು.

“ಯಾರ ತೋಟವೆಂದು ಕೇಳಿದೆಯಲ್ಲ ಮಗು, ಇದು ನಮ್ಮದು,” ಎಂದೆ.

“ಹಾಗಾದರೆ ಅವರದಲ್ಲವೇ?” ಎಂದು ಎದುರಿನ ಮಕ್ಕಳನ್ನು ತೋರಿಸಿದಳು.

“ಅವರದೂ ಹೌದು. ಅದಕ್ಕೇ ನಮ್ಮದು.”